ಅರ್ಧ ಆಣೆಯಲ್ಲ, ಅರ್ಧ ಆನೆ

(ಊರಿನ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಮೈಕಿನ ಕಿರುಚಾಟ, ನಡುವೆ ಬಂದ ಕಾಫಿ ಬಿಟ್ಟು ಉಳಿದದ್ದನ್ನು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಆಹ್ವಾನ ಪತ್ರಿಕೆಯ ವಿಷಯ ಹೇಳಿಬಿಡುತ್ತೇನೆ. ನಾನು ಫೋನಿನಲ್ಲಿ ಹೇಳಿದ್ದು ‘ಆನೆ ದುಡ್ಡು’, ಅಂದರೆ ಆನೆಯ ಚಿತ್ರ ಇರುವ ಹಳೆಯ ತಾಮ್ರದ ನಾಣ್ಯ. ಅಚ್ಚಾಗಿ ಬಂದದ್ದು ‘ಆಣೆ ದುಡ್ಡು’. ನಮ್ಮ ಸೀಮೆಯ ಬಾಯಲ್ಲಿ ನಕಾರ ಣಕಾರ ಒಂದರ ಮನೆಗೆ ಇನ್ನೊಂದು ಹೋಗಿ ಬಂದು ಮಾಡುವುದು ಹೊಸದೇನಲ್ಲ, ಅಚ್ಚುಕೂಟದವರನ್ನು ದೂರುವುದಿಲ್ಲ. ಮುಂದಿನ ಸಾಲಿನ ಹಿರಿಯರು ಆಗಲೇ ಕೇಳಿದರು, “ಏನಮ್ಮಾ, ಕಾಲಾಣೆ ಅರ್ಧಾಣೆ ತಂದಿದೀರಾ?” ಅಂತ. ತಂದಿದ್ದೇನೆ ಯಜಮಾನರೇ, ಅದಕ್ಕೂ ಬರುತ್ತೇನೆ. ಆದರೆ ಈ ಸ್ಟೀಲ್ ತಟ್ಟೆಯಲ್ಲಿ ಇರುವ 24 ತಾಮ್ರದ ತುಂಡುಗಳಲ್ಲಿ ಹೆಚ್ಚಿನವು ಆನೆಗಳು. ಅವುಗಳಲ್ಲೂ ಪೂರ್ತಿ ಆನೆ ಮೂರೋ ನಾಲ್ಕೋ. ಮಿಕ್ಕವೆಲ್ಲ ಅರ್ಧ ಆನೆ, ಕಾಲು ಆನೆ. ಒಂದರಲ್ಲಂತೂ ಬರೀ ಬಾಲ.

ತಟ್ಟೆ ಕೈಯಿಂದ ಕೈಗೆ ಹೋಗಲಿ. ಮುಟ್ಟಿ, ತಿರುಗಿಸಿ, ಬೆರಳಾಡಿಸಿ. ಅವು ಗಾಜಿನ ಪೆಟ್ಟಿಗೆಯ ನಾಣ್ಯಗಳಲ್ಲ.

ನಾನು 34 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು. ದುಡ್ಡನ್ನು ನನ್ನಷ್ಟು ಮುಟ್ಟಿದವರು ಈ ಕೋಣೆಯಲ್ಲಿ ಇನ್ನೊಬ್ಬರು ಇರಲಾರರು. ಆದರೆ ದುಡ್ಡನ್ನು ನೋಡಿದವಳು ಎಂದು ಹೇಳಿಕೊಳ್ಳಲಾರೆ. ದೇವಸ್ಥಾನದ ಹುಂಡಿಯ ಚಿಲ್ಲರೆ ಮೂಟೆಗಟ್ಟಲೆ ಬರುತ್ತಿತ್ತು. ಐದು ಪೈಸೆ ಚೌಕ, ಹತ್ತು ಪೈಸೆ ಹೂವಿನಂಥ ಅಂಚು, ಇಪ್ಪತ್ತು ಪೈಸೆ ಆರು ಮೂಲೆ. ಬೆರಳೇ ವಿಂಗಡಿಸಿಬಿಡುತ್ತಿತ್ತು. ಕಣ್ಣು ಲೆಡ್ಜರಿನ ಮೇಲೆ, ಕಿವಿ ಮ್ಯಾನೇಜರರ ಮಾತಿನ ಮೇಲೆ. ಸಂಜೆ ಲೆಕ್ಕ ಹೊಂದಿದರೆ ಸಾಕು. ಆ ನಾಣ್ಯದ ಮೇಲೆ ಏನು ಚಿತ್ರ ಇತ್ತು ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ.

ನೋಡುವುದನ್ನು ಕಲಿಸಿದ್ದು ಒಂದು ಪಾತ್ರೆ ಅಂಗಡಿ. ಹಳೆಯ ತಾಮ್ರದ ಹಂಡೆ ಕೊಟ್ಟು ಸ್ಟೀಲಿನದು ತರಲು ಹೋಗಿದ್ದೆ. ತಪ್ಪು ಕೆಲಸವೇ, ಆ ಕಾಲದಲ್ಲಿ ಎಲ್ಲರೂ ಮಾಡಿದ ತಪ್ಪು. ಅಂಗಡಿಯವರು ಹಂಡೆಯನ್ನು ತಕ್ಕಡಿಗೆ ಇಡುವಾಗ ಅವರ ಪಕ್ಕದ ಕುಕ್ಕೆಯಲ್ಲಿ ಮುರಿದ ಚೊಂಬು, ಸೌಟಿನ ಹಿಡಿ, ಬಾಗಿಲ ಚಿಲಕಗಳ ನಡುವೆ ಒಂದು ಬೊಗಸೆಯಷ್ಟು ದಪ್ಪ ದಪ್ಪ ಬಿಲ್ಲೆಗಳು ಕಂಡವು. “ಅವೇನು?” ಅಂದೆ. “ಸವಕಲು ದುಡ್ಡು ಬಿಡಿ ಅಕ್ಕಾ, ಕರಗಿಸೋಕೆ” ಅಂದರು. ತೂಕಕ್ಕೆ ಕೊಡುತ್ತೀರಾ ಅಂದೆ. ತಾಮ್ರದ ದರಕ್ಕೇ ಕೊಟ್ಟರು. ಹಂಡೆ ಕೊಟ್ಟ ದುಡ್ಡಿನಲ್ಲೇ ಮುರಿದುಕೊಂಡರು. ಮನೆಗೆ ಬಂದು ಹಳೆಯ ಟೂತ್‌ಬ್ರಷ್‌ನಿಂದ ಒಣಮಣ್ಣು ಉದುರಿಸಿ ನೋಡಿದರೆ ಒಂದು ಕಾಲು. ಇನ್ನೊಂದರಲ್ಲಿ ಎತ್ತಿದ ಸೊಂಡಿಲು. ಮತ್ತೊಂದರಲ್ಲಿ ಬೆನ್ನಿನ ಉಬ್ಬು, ಅದರ ಮೇಲೆ ಒಂದು ಸಣ್ಣ ಚಂದ್ರ.

ಸವಕಲು ನಾಣ್ಯ ಎನ್ನುವುದನ್ನು ಕನ್ನಡದಲ್ಲಿ ನಾವು ಬೈಗುಳದ ಹಾಗೆ ಬಳಸುತ್ತೇವೆ. ಯಾರಾದರೂ ಹಳಸಿದ ಮಾತು ಆಡಿದರೆ ಸವಕಲು ನಾಣ್ಯ ಅನ್ನುತ್ತೇವೆ. ನನಗೆ ಮಾತ್ರ ಅವತ್ತಿನಿಂದ ಆ ಪದದ ರುಚಿಯೇ ಬೇರೆಯಾಗಿದೆ.

ಆನೆ ಯಾಕೆ ಅರ್ಧ? ಇದು ಸವೆತದ ಪ್ರಶ್ನೆ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅಲ್ಲ. ಇನ್ನೂರು ವರ್ಷದ ಹಿಂದೆ, ಈ ನಾಣ್ಯ ಹೊಡೆಯುತ್ತಿದ್ದ ಟಂಕಸಾಲೆಯಲ್ಲಿ ಯಂತ್ರ ಇರಲಿಲ್ಲ. ಕಬ್ಬಿಣದ ಒಂದು ಅಚ್ಚನ್ನು ಕೆಳಗೆ ಭದ್ರವಾಗಿ ನೆಟ್ಟು, ಅದರ ಮೇಲೆ ತಾಮ್ರದ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದೇಟು ಹೊಡೆಯುವುದು. ಅಚ್ಚಿನ ಚಿತ್ರ ದೊಡ್ಡದು, ಬಿಲ್ಲೆ ಚಿಕ್ಕದು. ಬಿಲ್ಲೆ ಎಲ್ಲಿ ಕೂತಿತೋ ಅಷ್ಟೇ ಆನೆ ಅದರ ಪಾಲಿಗೆ. ಬಿಲ್ಲೆ ಎಡಕ್ಕೆ ಸರಿದರೆ ತಲೆ, ಬಲಕ್ಕೆ ಸರಿದರೆ ಬಾಲ. ಹಾಗಾಗಿ ಪೂರ್ತಿ ಆನೆ ನೋಡಬೇಕಾದರೆ ಒಂದು ನಾಣ್ಯ ಸಾಲದು. ಒಂದೇ ಅಚ್ಚಿನಿಂದ ಬಂದ ನಾಲ್ಕಾರು ತುಂಡುಗಳನ್ನು ಜೋಡಿಸಿ ಕಾಗದದ ಮೇಲೆ ಗೀಟು ಎಳೆದುಕೊಳ್ಳಬೇಕು. ಕುರುಡರು ಆನೆ ಮುಟ್ಟಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ನಾನು ಅದನ್ನು ಊಟದ ಮೇಜಿನ ಮೇಲೆ ಮೂರು ತಿಂಗಳು ಮಾಡಿದೆ. ಮನೆಯವರು ಮೇಜಿನ ಅರ್ಧದಲ್ಲೇ ಉಂಡರು.

ವ್ಯಾಪಾರಿಗಳು ಪೂರ್ತಿ ಚಿತ್ರ ಬಿದ್ದ ನಾಣ್ಯಕ್ಕೆ ಬೆಲೆ ಕಟ್ಟುತ್ತಾರೆ, ಇಂಥ ಅಡ್ಡಾದಿಡ್ಡಿ ಬಿದ್ದವನ್ನು ಡಬ್ಬಿಯ ತಳಕ್ಕೆ ಎಸೆಯುತ್ತಾರೆ. ಆ ಡಬ್ಬಿಯ ತಳವೇ ನನ್ನ ಜಾಗ. ನನ್ನ ಲೆಕ್ಕದಲ್ಲಿ ಒಂದು ಪೂರ್ತಿ ಆನೆಗಿಂತ ಐದು ಅರ್ಧ ಆನೆ ಹೆಚ್ಚು ಹೇಳುತ್ತವೆ. ಒಂದರಲ್ಲಿ ಹಿಂಗಾಲಿನ ಹತ್ತಿರ ಅಚ್ಚು ಬಿರುಕು ಬಿಟ್ಟ ಸಣ್ಣ ಗೆರೆ ಇರುತ್ತದೆ. ಇನ್ನೊಂದರಲ್ಲಿ ಅದೇ ಗೆರೆ ಹೊಟ್ಟೆಯವರೆಗೆ ಬೆಳೆದಿರುತ್ತದೆ. ಅಂದರೆ ಯಾವುದು ಮೊದಲು ಹೊಡೆದದ್ದು, ಯಾವುದು ಆಮೇಲಿನದು ಎಂಬುದೂ ತಿಳಿಯುತ್ತದೆ. ಸುತ್ತಿಗೆಯವನು ಬಿರುಕು ಬಿಟ್ಟ ಅಚ್ಚನ್ನು ಎಸೆಯದೆ ಇನ್ನಷ್ಟು ದಿನ ಓಡಿಸಿದ್ದಾನೆ. ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಈ ಸಂಗತಿ ಹೊಸದಲ್ಲ.

ಈಗ ತಟ್ಟೆ ಮೂರನೆಯ ಸಾಲಿಗೆ ಹೋಗಿದೆ. ನಿಮ್ಮ ಕೈಯಲ್ಲಿರುವ ದಪ್ಪನೆಯದು ನೋಡಿ, ಸುಮಾರು 11 ಗ್ರಾಂ ತೂಗುತ್ತದೆ. ಅದು ಟಿಪ್ಪುವಿನ ಕಾಲದ ಒಂದು ಪೈಸೆ. ಟಿಪ್ಪು ಹೆಸರು ಎತ್ತಿದ ಕೂಡಲೇ ಸಭೆಯಲ್ಲಿ ಎರಡು ಪಕ್ಷ ಆಗುತ್ತದೆ, ನನಗೆ ಗೊತ್ತು. ಇವತ್ತು ನಾವು ನೋಡುತ್ತಿರುವುದು ಅಚ್ಚು ಕೊರೆದವನ ಕೈಕೆಲಸವನ್ನು. ಅವನ ಹೆಸರು ಯಾವ ನಾಣ್ಯದ ಮೇಲೂ ಇಲ್ಲ, ಅವನ ಬಗ್ಗೆ ಜಗಳವೂ ಇಲ್ಲ.

ಹೈದರನ ಕೊನೆಯ ದಿನಗಳಲ್ಲೇ ಈ ಆನೆಯ ಪೈಸೆ ಶುರುವಾಗಿತ್ತು. ಟಿಪ್ಪು 1782ರಲ್ಲಿ ಪಟ್ಟಕ್ಕೆ ಬಂದ ಮೇಲೆ ಅದು ಹತ್ತಾರು ಟಂಕಸಾಲೆಗಳಿಗೆ ಹರಡಿತು. ಆನೆಯ ಹಿಂದಿನ ಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ‘ಜರ್ಬ್’ ಎಂದಿರುತ್ತದೆ, ಇಂಥ ಕಡೆ ಹೊಡೆದದ್ದು ಎಂಬ ಅರ್ಥ. ಪಕ್ಕದಲ್ಲೇ ಊರ ಹೆಸರು. ಪಟನ್ ಎಂದರೆ ಶ್ರೀರಂಗಪಟ್ಟಣ. ನಗರ್ ಎಂದರೆ ಬಿದನೂರು, ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಫರ್ರುಖ್‌ಯಾಬ್ ಹಿಸಾರ್ ಎಂದರೆ ನಮ್ಮ ಚಿತ್ರದುರ್ಗ. ಖುರ್ಷೇದ್ ಸವಾದ್ ಎಂದರೆ ಧಾರವಾಡ. ಮೈಸೂರಿನವರು ಯಾರಾದರೂ ಇದ್ದರೆ, ನಿಮ್ಮ ನಜರ್‌ಬಾದ್ ಬಡಾವಣೆಯ ಹೆಸರೂ ಆ ಕಾಲದ್ದೇ. ಅಲ್ಲಿಯೂ ಒಂದು ಟಂಕಸಾಲೆ ಇತ್ತು. ಈ ಹೆಸರುಗಳನ್ನು ಗುರುತಿಸಲು ನನಗೆ ಪರ್ಷಿಯನ್ ಬರಬೇಕಾಗಲಿಲ್ಲ. ಚಿತ್ರವನ್ನು ನೆನಪಿಟ್ಟುಕೊಳ್ಳುವ ಹಾಗೆ ಅಕ್ಷರದ ಆಕಾರ ನೆನಪಿಟ್ಟುಕೊಂಡೆ, ಅಷ್ಟೇ. ನಮ್ಮ ಅಜ್ಜಿ ಬಸ್ಸಿನ ಬೋರ್ಡು ಗುರುತಿಸುತ್ತಿದ್ದುದೂ ಹಾಗೆಯೇ.

ಆನೆಗಳೂ ಊರಿಂದ ಊರಿಗೆ ಬೇರೆ. ಕೆಲವು ಎಡಕ್ಕೆ ನಡೆಯುತ್ತವೆ, ಕೆಲವು ಬಲಕ್ಕೆ. ಬಾಲ ಎತ್ತಿದವು ಇವೆ, ಇಳಿಬಿಟ್ಟವು ಇವೆ. ಒಬ್ಬ ಕೆತ್ತುಗನ ಆನೆಗೆ ಮರದ ತೊಟ್ಟಿಲ ಕಾಲಿನಂಥ ನೆಟ್ಟಗಿನ ಕಾಲು. ಇನ್ನೊಬ್ಬನ ಆನೆ ಹೆಜ್ಜೆ ಇಡುತ್ತಿರುವುದು ಮಂಡಿಯ ಮಡಿಕೆಯಲ್ಲೇ ಕಾಣುತ್ತದೆ. ಅವನು ಆನೆಯನ್ನು ದಿನಾ ನೋಡಿದವನು, ಸಂಶಯವೇ ಇಲ್ಲ. ಎರಡು ಪೈಸೆಯ ದೊಡ್ಡ ನಾಣ್ಯದಲ್ಲಿ ಆನೆಯ ಹಿಂದೆ ಒಂದು ಬಾವುಟವೂ ಇರುತ್ತದೆ. ಅದು ಸಿಕ್ಕರೆ ಅಂಗೈ ತುಂಬುತ್ತದೆ.

ಅವುಗಳ ಹೆಸರು ಇನ್ನೂ ಚಂದ. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರಿಟ್ಟ. ಒಂದು ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ನಮ್ಮ ಕುಜ. ಕಾಲು ಪೈಸೆಗೆ ಅಖ್ತರ್, ನಕ್ಷತ್ರ. ಅರೆಕಾಲು ಪೈಸೆಗೆ ಕುತುಬ್, ಧ್ರುವ. ದೊಡ್ಡ ಎರಡು ಪೈಸೆಗೆ ಕೊನೆಕೊನೆಗೆ ಮುಷ್ತರಿ ಎಂಬ ಹೆಸರು ಬಂತು, ಗುರುಗ್ರಹ. ಯೋಚಿಸಿ ನೋಡಿ, ಒಂದು ಶುಕ್ರ ಕೊಟ್ಟರೆ ಎರಡು ಕುಜ ಚಿಲ್ಲರೆ. ಸಂತೆಯಲ್ಲಿ ಸೊಪ್ಪು ಮಾರುವವಳು ಇದನ್ನು ಹಾಗೆ ಕರೆದಿರಲಿಕ್ಕಿಲ್ಲ, ಅವಳಿಗೆ ಅದು ಆನೆ ದುಡ್ಡೇ. ಆದರೂ ಅವಳ ಮಡಿಲಲ್ಲಿ ಒಂದು ಗ್ರಹಮಂಡಲ ಇತ್ತು.

ಇಸವಿಯಲ್ಲಿ ಒಂದು ತಮಾಷೆ ಇದೆ. ಮೊದಲ ವರ್ಷಗಳ ನಾಣ್ಯಗಳಲ್ಲಿ ಮುಸ್ಲಿಮರ ಹಿಜರಿ ವರ್ಷ ಇದ್ದು, ಅಂಕಿಗಳನ್ನು ಎಂದಿನಂತೆ ಎಡದಿಂದ ಬಲಕ್ಕೆ ಓದಬೇಕು. ಆಮೇಲೆ ಟಿಪ್ಪು ಮೌಲೂದಿ ಎಂಬ ಹೊಸ ಕಾಲಗಣನೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಎನ್ನುವುದು 8121 ಎಂದು ಕಾಣುತ್ತದೆ. ನಾನು ಮೊದಲ ಸಲ ಓದಿದಾಗ ಇನ್ನೂ ಆರು ಸಾವಿರ ವರ್ಷ ಬಿಟ್ಟು ಹೊಡೆಯಬೇಕಾದ ನಾಣ್ಯ ನನಗೆ ಸಿಕ್ಕಿದೆ ಎಂದು ನಕ್ಕೆ.

ನನಗೆ ತೀರಾ ಇಷ್ಟವಾದ ಸಂಗತಿ 1799ರ ನಂತರದ್ದು. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಗುವಾಗಿದ್ದಾಗಲೇ ಪಟ್ಟವಾಯಿತು. ಟಿಪ್ಪುವಿನ ಕಾಲದಲ್ಲಿ ಹಣಕಾಸು ನೋಡಿದ್ದ ಪೂರ್ಣಯ್ಯನವರೇ ಹೊಸ ಸರ್ಕಾರಕ್ಕೂ ದಿವಾನರಾದರು. ಆನೆ ಎಲ್ಲಿಗೂ ಹೋಗಲಿಲ್ಲ. ಅದೇ ಆನೆ, ಅದೇ ನಡಿಗೆ. ಬೆನ್ನ ಮೇಲೆ ಸೂರ್ಯ ಚಂದ್ರ ಬಂದರು, ನಡುವೆ ಕನ್ನಡದ ‘ಶ್ರೀ’ ಕೂತಿತು. ಯುದ್ಧದ ಮೇಲೆ ಯುದ್ಧ, ಒಂದು ರಾಜ್ಯದ ಅಳಿವು, ಇಷ್ಟೆಲ್ಲ ಆದ ಮೇಲೂ ಸಂತೆಯ ಜನಕ್ಕೆ ಗುರುತಿನ ದುಡ್ಡು ಬೇಕಲ್ಲ. ಎರಡು ನಾಣ್ಯಗಳನ್ನು ಒಟ್ಟಿಗೆ ಒಂದು ದಾರದಿಂದ ಕಟ್ಟಿ ತಟ್ಟೆಯಲ್ಲಿ ಇಟ್ಟಿದ್ದೇನೆ, ಬಿಚ್ಚಬೇಡಿ, ಹಾಗೇ ನೋಡಿ. ಒಂದು ಟಿಪ್ಪುವಿನದು, ಒಂದು ಒಡೆಯರದು. ಕಣ್ಣು ಕಿರಿದು ಮಾಡಿದರೆ ಅಣ್ಣತಮ್ಮಂದಿರ ಹಾಗಿವೆ.

ಹಿಂದಕ್ಕೆ ಹೋದರೂ ಆನೆಯೇ. ಹೈದರನಿಗೆ ಮುಂಚಿನ ಒಡೆಯರ ಸಣ್ಣ ತಾಮ್ರದ ಕಾಸಿನಲ್ಲಿ ಆನೆ ಇದೆ, ನಾಣ್ಯದ ಹಿಂಬದಿಯಲ್ಲಿ ಅಡ್ಡ ಉದ್ದ ಗೆರೆಗಳ ಚೌಕುಳಿ. ವಿಜಯನಗರದ ದೇವರಾಯನ ತಾಮ್ರದಲ್ಲಿ ಆನೆ ಇದೆ, ಜೊತೆಗೆ ‘ರಾಯ ಗಜಗಂಡಭೇರುಂಡ’ ಎಂಬ ಬಿರುದು. ಗಂಗರದೆನ್ನುವ ಚಿನ್ನದ ಗಜಪತಿ ವರಹದಲ್ಲೂ ಆನೆ, ಹಿಂಬದಿಯಲ್ಲಿ ಬಳ್ಳಿಯ ಸುರುಳಿ. ಆ ಚಿನ್ನ ನನ್ನಂಥವರ ಕೈಗೆಟಕುವುದಲ್ಲ, ವಸ್ತುಸಂಗ್ರಹಾಲಯದಲ್ಲಿ ಕತ್ತು ಚಾಚಿ ನೋಡಿದ್ದೇನೆ. ಹೊಯ್ಸಳರ ಗದ್ಯಾಣವೂ ಅಷ್ಟೇ. ವಿಷ್ಣುವರ್ಧನನ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಗುಂಡಗೆ ಕೆತ್ತಿದ್ದಾರೆ, ಗೆದ್ದ ಸುದ್ದಿಯನ್ನು ಪ್ರತಿ ಜೇಬಿಗೂ ತಲುಪಿಸಿದ ಹಾಗೆ. ಅದು ಬೇರೆ ದಿನದ ಮಾತು.

ಮುಮ್ಮಡಿಯವರ ಕಾಲಕ್ಕೇ ವಾಪಸು ಬರೋಣ, ಯಾಕೆಂದರೆ ಅಲ್ಲಿ ನನ್ನ ಕೆಲಸಕ್ಕೆ ಸಂಬಂಧಿಸಿದ ಒಂದು ವಿಷಯ ಇದೆ. ಸ್ವಲ್ಪ ವರ್ಷಗಳಾದ ಮೇಲೆ ಆ ನಾಣ್ಯಗಳಲ್ಲಿ ಮೂರು ಲಿಪಿ ಸೇರಿಕೊಂಡವು. ಕನ್ನಡದಲ್ಲಿ ‘ಮಯಿಲಿ ಕಾಸು’ ಮತ್ತು ಬೆಲೆ. ಪರ್ಷಿಯನ್‌ನಲ್ಲಿ ಮೈಸೂರಿನಲ್ಲಿ ಹೊಡೆದದ್ದು ಎಂಬ ಮಾತು. ಇಂಗ್ಲಿಷ್ ಅಕ್ಷರದಲ್ಲಿ ಎಕ್ಸ್ ಎಕ್ಸ್ ಕ್ಯಾಶ್, ಅಂದರೆ ರೋಮನ್ ಅಂಕಿಯಲ್ಲಿ ಇಪ್ಪತ್ತು ಕಾಸು. ಹತ್ತು ಕಾಸಿನದು, ಐದು ಕಾಸಿನದು ಕೂಡ ಇವೆ. ಒಂದು ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಆನೆಯ ಜೊತೆಗೆ ಮೂರು ಕಚೇರಿಗಳು ಕೂತಿವೆ. ನಾನು 34 ವರ್ಷ ಕ್ಯಾಶಿಯರ್ ಆಗಿದ್ದೆನಲ್ಲ, ಆ ‘ಕ್ಯಾಶ್’ ಯುರೋಪಿನಲ್ಲಿ ಹಣದ ಪೆಟ್ಟಿಗೆಗೆ ಇದ್ದ ಹೆಸರಿನಿಂದ ಬಂದದ್ದು. ಈ ನಾಣ್ಯದ ಮೇಲಿನ ‘ಕ್ಯಾಶ್’ ಬೇರೆ. ಅದು ದಕ್ಷಿಣದ ನಮ್ಮ ‘ಕಾಸು’, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ, ಟೋಪಿ ಹಾಕಿಕೊಂಡು ತವರಿಗೆ ಮರಳಿದ್ದು. ಹೆಸರಿನಲ್ಲಿ ಮಾತ್ರ ಎರಡೂ ಒಂದೇ. ಬ್ಯಾಂಕಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಈ ಇಂಗ್ಲಿಷ್ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಚ್ಚಿನಲ್ಲಿ ಎಲ್ಲವನ್ನೂ ತಿರುವುಮುರುವಾಗಿ ಕೆತ್ತಬೇಕು, ಆಗಲೇ ನಾಣ್ಯದ ಮೇಲೆ ನೆಟ್ಟಗೆ ಬರುವುದು. ಕನ್ನಡವನ್ನು ತಿರುಗಿಸಿ ಕೆತ್ತಿ ಪಳಗಿದ ಕೈಗೆ ಇಂಗ್ಲಿಷ್ ಯಾವ ಕಡೆ ನೆಟ್ಟಗೆ ಎಂಬುದೇ ಗೊತ್ತಿಲ್ಲ. ನನ್ನ ಹತ್ತಿರ ಇರುವ ಒಂದರಲ್ಲಿ ಎಸ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿದೆ. ಅಂಗಡಿಯವರು ಅದನ್ನು ದೋಷ ಎಂದು ಎರಡು ರೂಪಾಯಿ ಇಳಿಸಿ ಕೊಟ್ಟರು. ನನಗೆ ಅದು ಆ ಮನುಷ್ಯನ ಸಹಿ.

ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು, ಚಾಮುಂಡಿಯ ಹೆಸರಿನ ಜೊತೆಗೆ. 1843ರ ಹೊತ್ತಿಗೆ ಮೈಸೂರಿನ ಸ್ವಂತ ಕಾಸೇ ನಿಂತುಹೋಯಿತು. ಈಸ್ಟ್ ಇಂಡಿಯಾ ಕಂಪನಿಯ ದುಡ್ಡು ಬಂತು. ಅಲ್ಲಿಂದ ಆನೆ ಮುಗಿದು ಆಣೆ ಶುರು.

ಯಜಮಾನರೇ, ಈಗ ನಿಮ್ಮ ಪಾಳಿ.

ಹನ್ನೆರಡು ಕಾಸಿಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಹದಿನಾರಾಣೆ ಸತ್ಯ ಎನ್ನುವ ಮಾತು ಇನ್ನೂ ಓಡಾಡುತ್ತದೆ, ಆಣೆ ಓಡಾಡುವುದು ನಿಂತು ಎಷ್ಟು ಕಾಲವಾಯಿತು! ಈ ಕಾಲದ ನಾಣ್ಯಗಳಲ್ಲಿ ವಿಕ್ಟೋರಿಯಾ ರಾಣಿ, ಎಡ್ವರ್ಡ್, ಜಾರ್ಜುಗಳ ತಲೆಗಳನ್ನು ಬೇಗ ದಾಟುತ್ತೇನೆ. ತಲೆಗಳು ನನಗೆ ಬೇಸರ. ಒಂದು ಆನೆಯ ಕಥೆ ಮಾತ್ರ ಹೇಳಬೇಕು. 1911ರಲ್ಲಿ ಐದನೆಯ ಜಾರ್ಜ್‌ನ ಹೊಸ ರೂಪಾಯಿ ಬಂತು. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯ ಪದಕ ಕೆತ್ತಿದ್ದರು. ಸೊಂಡಿಲು ಗಿಡ್ಡವಾಗಿ, ಕಾಲು ಮೊಟಕಾಗಿ, ಅದು ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ಗದ್ದಲವೆದ್ದಿತು. ಆ ನಾಣ್ಯಗಳನ್ನು ವಾಪಸು ತರಿಸಿ ಕರಗಿಸಿದರು, 1912ರಲ್ಲಿ ತಿದ್ದಿದ ಆನೆ ಬಂತು. ಸಂಗ್ರಹಕಾರರು ಈಗಲೂ ಅದನ್ನು ಹಂದಿ ರೂಪಾಯಿ ಎನ್ನುತ್ತಾರೆ. ನಮ್ಮ ಶ್ರೀರಂಗಪಟ್ಟಣದ ಕೆತ್ತುಗನನ್ನು ಕೇಳಿದ್ದರೆ ಆಗುತ್ತಿತ್ತು.

ತೂತಿನ ಕಾಸು ಗೊತ್ತಲ್ಲ? ‘ತೂತು ಕಾಸಿನ ಬೆಲೆ ಇಲ್ಲ’ ಎನ್ನುತ್ತೇವೆ. ಹೆಸರಿಗೆ ಕಾಸು, ಬೆಲೆಯಲ್ಲಿ ಕಾಲಾಣೆ, 1943ರಿಂದ 1947ರವರೆಗೆ ಬಂದದ್ದು. ಯುದ್ಧಕಾಲ, ತಾಮ್ರಕ್ಕೆ ಅಭಾವ. ಅದಕ್ಕೆ ಮುಂಚಿನ ಕಾಲಾಣೆ ಹೆಚ್ಚುಕಡಿಮೆ 5 ಗ್ರಾಂ ತೂಗುತ್ತಿತ್ತು, ಈ ತೂತಿನದು ಬರೀ 2 ಗ್ರಾಂ. ನಡುವೆ ತೂತು ಬಂದ ಮೇಲೆ ರಾಜನ ತಲೆಗೆ ಜಾಗವೆಲ್ಲಿ? ಒಂದು ಸಣ್ಣ ಕಿರೀಟ ಉಳಿಯಿತು, ಅಷ್ಟೇ. ಇದನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟಿದವರು, ತೊಟ್ಟಿಲಿಗೆ ತೂಗುಬಿಟ್ಟವರು ನಮ್ಮ ಊರಿನಲ್ಲೇ ಇದ್ದರು. ಹಾಗೆ ತೂಗಾಡಿದ ಕಾಸಿನ ತೂತಿನ ಒಳ ಅಂಚು ದಾರ ಉಜ್ಜಿ ಒಂದು ಕಡೆ ನುಣುಪಾಗಿರುತ್ತದೆ. ಬೆರಳಿನ ತುದಿಯಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ. ಬೆಲೆಪಟ್ಟಿಯಲ್ಲಿ ಇಂಥ ನುಣುಪಿಗೆ ಕಾಲಂ ಇಲ್ಲ.

ಸ್ವಾತಂತ್ರ್ಯದ ಮೇಲೆ 1950ರ ನಾಣ್ಯಗಳು. ಸಾರನಾಥದ ಸಿಂಹಸ್ತಂಭದ ಪೀಠದ ಸುತ್ತ ನಾಲ್ಕು ಪ್ರಾಣಿಗಳಿವೆ, ಆನೆ, ಕುದುರೆ, ಗೂಳಿ, ಸಿಂಹ. ಪೈಸೆಗೆ ಕುದುರೆ ತೆಗೆದುಕೊಂಡರು. ಅರ್ಧ ಆಣೆ, ಒಂದು ಆಣೆ, ಎರಡು ಆಣೆಗೆ ಗೂಳಿ. ಆನೆಯ ಸರದಿ ಆಗ ಬರಲಿಲ್ಲ. ಹಾಗಾಗಿ ಆಹ್ವಾನ ಪತ್ರಿಕೆಗೆ ಉತ್ತರ ಇದು: ಅರ್ಧ ಆಣೆಯಲ್ಲಿ ಆನೆ ಇಲ್ಲ, ಬಸವಣ್ಣ ಇದ್ದಾನೆ. ಭುಜದ ಹಿಣಿಲು, ಕತ್ತಿನ ಗಂಗೆದೊಗಲು, ಎಲ್ಲ ಅಚ್ಚುಕಟ್ಟು. ಇವತ್ತಿಗೂ ಹಳೆಯ ಮನೆಗಳ ಸಾಸಿವೆ ಡಬ್ಬಿಯಲ್ಲಿ ಸಿಗುತ್ತದೆ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ರೂಪಾಯಿಗೆ ನೂರು. 1964ರಲ್ಲಿ ‘ನಯಾ’ ಉದುರಿತು. ನನ್ನ ಬೆರಳುಗಳಿಗೆ ಗೊತ್ತಿದ್ದ ಚಿಲ್ಲರೆ ಇದೇ. ಆಕಾರಗಳಲ್ಲಿ ಯೋಚನೆ ಇತ್ತು. ರೂಪಾಯಿ 10 ಗ್ರಾಂ, ಐವತ್ತು ಪೈಸೆ 5 ಗ್ರಾಂ, ಇಪ್ಪತ್ತೈದು ಪೈಸೆ ಎರಡೂವರೆ ಗ್ರಾಂ. ಬೆಲೆ ಅರ್ಧವಾದರೆ ತೂಕವೂ ಅರ್ಧ. ಅಕ್ಷರ ಬಾರದವರಿಗೆ, ಕಣ್ಣು ಕಾಣದವರಿಗೆ, ಕತ್ತಲ ಬಸ್ಸಿನ ಕಂಡಕ್ಟರಿಗೆ ಕೈಯೇ ಹೇಳಿಬಿಡುತ್ತಿತ್ತು. ಈಗಿನ ಒಂದು, ಎರಡು, ಐದು ರೂಪಾಯಿಗಳನ್ನು ಕಣ್ಣು ಮುಚ್ಚಿ ವಿಂಗಡಿಸಿ ನೋಡಿ. ಇದರಲ್ಲಿ ನಾವು ಹಿಂದೆ ಬಿದ್ದೆವು ಎಂದೇ ನನ್ನ ಅಭಿಪ್ರಾಯ. ಕ್ಯಾಶಿಯರ್ ಹೇಳುವ ಮಾತು, ಕೇಳಿಸಿಕೊಳ್ಳಿ.

1964ರ ಆರು ಮೂಲೆಯ ಮೂರು ಪೈಸೆ ಒಂದೂಕಾಲು ಗ್ರಾಂ. ಊದಿದರೆ ಹಾರುತ್ತದೇನೋ ಎನ್ನುವ ಅಲ್ಯೂಮಿನಿಯಂ. 1974ರ ಹತ್ತು ಪೈಸೆಯ ಮೇಲೆ ಒಂದು ತ್ರಿಕೋಣ, ಅದರೊಳಗೆ ಅಪ್ಪ, ಅಮ್ಮ, ಎರಡು ಮಕ್ಕಳು. ಆಸ್ಪತ್ರೆಯ ಗೋಡೆಯ ಮೇಲಿದ್ದ ಕುಟುಂಬ ಯೋಜನೆಯ ತ್ರಿಕೋಣವೇ ಜೇಬಿಗೆ ಇಳಿದು ಬಂದಿತ್ತು. ಅದನ್ನು ಕೊಟ್ಟು ಆರು ಮಕ್ಕಳ ತಂದೆ ಬೀಡಿ ಕೊಂಡಿರುತ್ತಾನೆ. ಇಸವಿಯ ಕೆಳಗೆ ಒಂದು ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆಯದು, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆಮೇಲಿನವುಗಳಲ್ಲಿ ಚುಕ್ಕೆ ಇದ್ದರೆ ನೋಯ್ಡಾ. 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕವೆಲ್ಲ ಚಲಾವಣೆಯಿಂದ ಹೋದವು. ಆ ವಾರ ನಮ್ಮ ಶಾಖೆಗೆ ಗೋಣಿಗಟ್ಟಲೆ ಬಂತು. ಹತ್ತು ಜನ ಮಕ್ಕಳು ಹುಂಡಿ ಡಬ್ಬಿ ಒಡೆದು ತಂದಿದ್ದರು. ನಾನು ಆ ವಾರ ಎಣಿಸುವುದಕ್ಕಿಂತ ಹೆಚ್ಚು ನೋಡಿದೆ, ಒಂದು ದಿನ ಲೆಕ್ಕ ಹೊಂದದೆ ರಾತ್ರಿ ಎಂಟರವರೆಗೆ ಕೂತೆ.

ಒಂದು ತಪ್ಪೊಪ್ಪಿಗೆ. ಪಾತ್ರೆ ಅಂಗಡಿಯಿಂದ ತಂದ ಮೊದಲ ಕಂತಿನಲ್ಲಿ ಒಂದು ಒಡೆಯರ ಹತ್ತು ಕಾಸು ಇತ್ತು. ಕಪ್ಪಗಿತ್ತು. ನಾನು ಗೃಹಿಣಿ, ತಾಮ್ರ ಕಪ್ಪಾದರೆ ಏನು ಮಾಡುತ್ತೇವೆ? ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಹೊಸ ಪಂಚಪಾತ್ರೆಯ ಹಾಗೆ ಫಳಫಳ ಹೊಳೆಯಿತು. ಅಕ್ಷರದ ಅಂಚುಗಳು ಮೊಂಡಾದವು, ಆನೆಯ ಕಣ್ಣು ಹೋಯಿತು. ಆ ಕಪ್ಪು ಕೊಳೆಯಲ್ಲ, ನೂರೆಂಬತ್ತು ವರ್ಷದಲ್ಲಿ ತಾಮ್ರ ತಾನೇ ಹೊದ್ದುಕೊಂಡ ಕಂಬಳಿ. ಅದನ್ನು ಕಿತ್ತರೆ ಮತ್ತೆ ಬರುವುದಿಲ್ಲ. ಅದೂ ತಟ್ಟೆಯಲ್ಲಿದೆ, ಕುರುಡಾನೆ ಎಂದು ಹೆಸರಿಟ್ಟಿದ್ದೇನೆ. ಮಣ್ಣು ಹಿಡಿದಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ನೀರು ಬದಲಿಸುತ್ತಿರಿ, ಮೆತ್ತನೆ ಬ್ರಷ್ ಆಡಿಸಿ. ಅಷ್ಟು ಸಾಕು. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಕಂಡರೆ ಮಾತ್ರ ಆ ನಾಣ್ಯವನ್ನು ಬೇರೆಯವುಗಳಿಂದ ದೂರ ಇಡಿ, ಅದು ತಾಮ್ರವನ್ನು ತಿನ್ನುವ ರೋಗ. ಅಂಗಡಿಯಲ್ಲಿ ಸಿಗುವ ಮೆತ್ತನೆ, ವಾಸನೆಯ ಪ್ಲಾಸ್ಟಿಕ್ ಆಲ್ಬಮ್ ಬೇಡ, ವರ್ಷ ಕಳೆದಂತೆ ನಾಣ್ಯದ ಮೇಲೆ ಅಂಟು ಬಿಡುತ್ತದೆ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಹಿಂದಿನ ಸಾಲಿನ ಹುಡುಗ ಚೀಟಿ ಕಳಿಸಿದ್ದಾನೆ, “ಮೇಡಂ, ನಿರ್ದಿಷ್ಟ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ, ನಿಜವಾ?” ಸುಳ್ಳಪ್ಪ. ಆ ಕರೆ ಮಾಡುವವರು ಮೊದಲು ನಿನ್ನಿಂದಲೇ ಶುಲ್ಕ, ಕಮಿಷನ್, ತೆರಿಗೆ ಅಂತ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಹೀಗೆ ಮೋಸ ನಡೆದು, 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತು. ಪ್ರವಾಸಿ ಸ್ಥಳಗಳಲ್ಲಿ ಕೈಯಲ್ಲಿ ಹಿಡಿದು ಮಾರುವ ಆನೆ ದುಡ್ಡಿನ ಬಗ್ಗೆಯೂ ಹುಷಾರು. ಎರಕ ಹೊಯ್ದ ನಕಲಿಯಲ್ಲಿ ಸೂಜಿಮೊನೆಯಂಥ ಗಾಳಿಗುಳ್ಳೆಗಳ ಗುರುತು ಇರುತ್ತದೆ, ಅಂಚಿನ ಸುತ್ತ ಒಂದು ಸಣ್ಣ ಹೊಲಿಗೆಯಂಥ ಗೆರೆ ಇರುತ್ತದೆ. ಸುತ್ತಿಗೆ ಏಟು ತಿಂದ ತಾಮ್ರಕ್ಕೆ ಅದಿರುವುದಿಲ್ಲ. ಹೊಲ ಉಳುವಾಗ ಗಡಿಗೆಯೇ ಸಿಕ್ಕಿತು ಅನ್ನಿ, ಜೇಬಿಗೆ ಹಾಕಿಕೊಳ್ಳಬೇಡಿ. ನಿಧಿ ಕಾಯ್ದೆ ಜಾರಿಯಲ್ಲಿದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಅಮೆರಿಕದ ಮಗನಿಗೆ ಉಡುಗೊರೆಯಾಗಿ ಕಳಿಸುವ ಆಸೆಯೂ ಬೇಡ, 1972ರ ಪ್ರಾಚ್ಯವಸ್ತು ಕಾಯ್ದೆ ಒಪ್ಪುವುದಿಲ್ಲ. ಫೋಟೊ ಕಳಿಸಿ.

ಮಾತು ಮುಗಿಸಿದ ಮೇಲೆ ಒಬ್ಬ ತಾಯಿ ಹತ್ತಿರ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಹಳದಿ ಬಟ್ಟೆ, ಅದರೊಳಗೆ ಇಪ್ಪತ್ತು ಪೈಸೆಯ ಹಿತ್ತಾಳೆ ಬಣ್ಣದ ನಾಣ್ಯ. 1968ರಿಂದ 1971ರವರೆಗೆ ಮಾತ್ರ ಬಂದ ತಾವರೆಯದು. ಇದರಲ್ಲಿ ಬಂಗಾರ ಬೆರೆಸಿದ್ದಾರೆ ಎಂಬ ಗಾಳಿಮಾತು ಎಲ್ಲರೂ ಕೇಳಿದ್ದೇ. ಅಸಲಿಗೆ ಅದು ನಿಕಲ್ ಸೇರಿದ ಹಿತ್ತಾಳೆ. ತಾವರೆ ಇದೆಯಲ್ಲ ಎಂದು ಎಷ್ಟೋ ಮನೆಗಳಲ್ಲಿ ಲಕ್ಷ್ಮೀ ಪೂಜೆಗೆ ಎತ್ತಿಟ್ಟರು. ಅವರ ಅತ್ತೆ ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಹಚ್ಚುತ್ತಿದ್ದರಂತೆ, ಅತ್ತೆ ಹೋದ ಮೇಲೆ ಇವರು. ಎಸಳುಗಳ ಸಂದಿಯಲ್ಲೆಲ್ಲ ಕುಂಕುಮ ಗಟ್ಟಿಯಾಗಿ ಕೂತು, ಹೂವು ನಿಜವಾಗಿ ಕೆಂಪಾಗಿತ್ತು.

“ಇದನ್ನ ತೊಳೀಬೇಕಾ ಅಮ್ಮಾ? ಎಲ್ಲಿ ಹೊಡೆದದ್ದು ಅಂತ ಹೇಳ್ತೀರಾ?”

ಇಸವಿಯ ಕೆಳಗೆ ನೋಡಿದೆ. ಅಲ್ಲಿ ಗುರುತು ಇರಬೇಕಾದ ಜಾಗದಲ್ಲಿ ಐವತ್ತು ವರ್ಷದ ಶುಕ್ರವಾರಗಳು ಮೆತ್ತಿಕೊಂಡಿದ್ದವು. ಉಗುರಿನ ತುದಿ ತಾಗಿಸಿದರೆ ತಿಳಿಯುತ್ತಿತ್ತು, ಮುಂಬೈಯೋ, ಹೈದರಾಬಾದೋ. ಬಟ್ಟೆಯಲ್ಲಿ ಸುತ್ತಿ ಹಾಗೇ ಅವರ ಕೈಗೆ ಕೊಟ್ಟೆ.